ತೇವದ ಗೋಡೆ

ಶೂ ಲೇಸು ಕಟ್ಟಲೆಂದು ಬಗ್ಗಿದ ಲ್ಯುಬೆನ್, ಲೇಸು ಕಟ್ಟಿ ಮುಗಿದ ಮೇಲೂ ಬಗ್ಗಿಯೇ ಇದ್ದ. ಎದ್ದರೆ ಹೊರಡಬೇಕಾಗುತ್ತಿತ್ತು. ಐವತ್ತು ದಾಟಿದ ಗಂಡಸು ಮೊದಲ ಸಲ ಶಾಲೆಗೆ ಹೊರಟ ಹುಡುಗನ ಹಾಗೆ ಹೊಸ್ತಿಲಲ್ಲಿ ಬಗ್ಗಿ ಹೊತ್ತು ಕಳೆಯುವುದು ಯಾರಿಗಾದರೂ ನಗು ತರಿಸುವ ಸಂಗತಿಯೇ. ಅವನಿಗೂ ನಗು ಬರುತ್ತಿತ್ತು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಚಳಿಗಾಲದ ದಾಸ್ತಾನಿಗೆಂದು ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದರು. ಅದರ ಸಿಹಿಹೊಗೆ ಮೆಟ್ಟಿಲಿನ ಉದ್ದಕ್ಕೂ ತುಂಬಿತ್ತು. ಕಳೆದ ವರ್ಷ ಇದೇ ವಾಸನೆ ಆಸ್ಪತ್ರೆಯ ಕಿಟಕಿಯೊಳಗೂ ಬಂದಿತ್ತು. ಅವನ ಹೆಂಡತಿ ಇಸ್ಕ್ರಾ ಕಣ್ಣು ಮುಚ್ಚಿಕೊಂಡೇ, ಈ ಸಲ ನಮ್ಮದು ಸುಟ್ಟಿಲ್ಲ ಅಲ್ವಾ ಎಂದಿದ್ದಳು. ಅವಳ ಅಕ್ಕ ಪಾವ್ಲಿನಾ ಈಗ ಅವನ ಹಿಂದೆ ನಿಂತು ಪಾಠ ಒಪ್ಪಿಸುತ್ತಿದ್ದಳು. ಜೀವಮಾನದಲ್ಲಿ ಮೂರು ಮನೆ ಕೊಂಡು ಎರಡು ಮನೆ ಮಾರಿದ ಹೆಂಗಸು ಅವಳು, ಬ್ರೋಕರ್‌ಗಳೆಂದರೆ ಅವಳಿಗೆ ಸಂತೆಯಲ್ಲಿ ತರಕಾರಿ ಮಾರುವವರಿದ್ದ ಹಾಗೆ.

“ಮನೆ ಇಷ್ಟ ಆಯ್ತು ಅಂತ ಮುಖದಲ್ಲಿ ತೋರಿಸ್ಬೇಡ. ತೋರಿಸಿದ್ಯೋ, ಮುಗೀತು ನಿನ್ನ ಕಥೆ. ಒಬ್ನೇ ಇದೀನಿ ಅನ್ಬೇಡ. ಅರ್ಜೆಂಟ್ ಇದೆ ಅನ್ಬೇಡ. ಹುಬ್ಬು ಗಂಟು ಹಾಕ್ಕೊಂಡು ಸುಮ್ನೆ ಓಡಾಡು. ಆ ಬ್ರೋಕರ್ ಹುಡುಗಿ ನಕ್ರೆ ನೀನು ನಗ್ಬೇಡ.”

“ಹುಡುಗಿ ಅಂತ ನಿಂಗೆ ಹೆಂಗೆ ಗೊತ್ತಾಯ್ತು ಅಕ್ಕ?”

“ನೀನು ಫೋನಲ್ಲಿ ಮಾತಾಡ್ತಿದ್ದ ರೀತೀಲೇ ಗೊತ್ತಾಯ್ತು. ‘ಆಗಲಿ, ಆಗಲಿ, ನಿಮಗೆ ಯಾವಾಗ ಅನುಕೂಲ್ವೋ ಆಗ.’ ಮನೆ ಕೊಳ್ಳೋರು ಹಿಂಗಾ ಮಾತಾಡೋದು? ಸಾಲ ಕೇಳೋರು ಮಾತಾಡೋದು ಹಿಂಗೆ.” ಅವಳು ಅವನ ಕೋಟಿನ ಕಾಲರನ್ನು ಎಳೆದು ನೆಟ್ಟಗೆ ಮಾಡಿದಳು. “ಏನೂ ತೋಚ್ಲಿಲ್ಲ ಅಂದ್ರೆ ಯಾವ್ದಾದ್ರೂ ಒಂದು ಗೋಡೆ ಮೇಲೆ ಕೈಯಿಟ್ಟು ‘ತೇವ ಇದೆ’ ಅಂದ್ಬಿಡು. ತಾವಾಗೇ ಬೆಲೆ ಇಳಿಸ್ತಾರೆ. ಅದನ್ನೂ ನಾನು ನಿಂಗೆ ಹೇಳ್ಕೊಡ್ಬೇಕಾ?”

ಅವಳು ಅದನ್ನು ತಮಾಷೆಗೆ ಹೇಳಿದ್ದು. ಅವನ ‘ತೇವ’ ಆ ಮನೆತನದಲ್ಲಿ ಹಳೆಯ ತಮಾಷೆ. ಕ್ರಿಸ್ಮಸ್ ಊಟದಲ್ಲಿ, ಮದುವೆ ಮನೆಗಳಲ್ಲಿ ಯಾರಾದರೂ ಅದನ್ನು ಎತ್ತುತ್ತಿದ್ದರು, ಎಲ್ಲರೂ ನಗುತ್ತಿದ್ದರು, ಇಸ್ಕ್ರಾಳೂ ನಗುತ್ತಿದ್ದಳು. ಅವನು ಎದ್ದು ನಿಂತ. ಪಾವ್ಲಿನಾ ಒಳಗಿನಿಂದ ತಂಗಿಯ ತಾಮ್ರದ ಚೊಂಬಿನಲ್ಲಿ ನೀರು ತಂದು, ಅದರೊಳಗೆ ಜೆರೇನಿಯಂ ಗಿಡದ ಒಂದು ಎಲೆ ಹಾಕಿ, ಹೊರಡುವವರ ಕೆಲಸ ನೀರು ಹರಿದಷ್ಟು ಸಲೀಸಾಗಿ ಆಗಲೆಂದು ಎಲ್ಲರೂ ಮಾಡುವಂತೆ, ಅವನ ಮುಂದೆ ಹೊಸ್ತಿಲಿಗೆ ಚೆಲ್ಲಿದಳು. ಕೈ ಸ್ವಲ್ಪ ಜೋರಾಯಿತು. ಬಲಗಾಲಿನ ಶೂ ಒದ್ದೆಯಾಗಿ ಕಾಲುಚೀಲಕ್ಕೂ ಇಳಿಯಿತು. “ಹೋಗ್ಬಾ, ಒಳ್ಳೇದಾಗುತ್ತೆ,” ಎಂದು ಅವಳು ಹೇಳಿದಳು, ಮತ್ತು ಬಾಗಿಲಿನ ಕಡೆ ನೋಡದಿರಲು ಇಬ್ಬರೂ ಪ್ರಯತ್ನಪಟ್ಟರು.

ಬಾಗಿಲಿನ ಮೇಲೆ ಏನೂ ಇರಲಿಲ್ಲ. ಬೇಸಿಗೆಯವರೆಗೆ ಅಲ್ಲಿ ಇಸ್ಕ್ರಾ ಇದ್ದಳು: ನಲವತ್ತನೇ ದಿನದ ಶ್ರದ್ಧಾಂಜಲಿಯ ಹಾಳೆ, ಆಮೇಲೆ ಆರು ತಿಂಗಳದ್ದು, ಮೂಲೆಯಲ್ಲಿ ಕಪ್ಪು ರಿಬ್ಬನ್ನು. ಊರಿನ ಪ್ರತಿ ಎರಡನೇ ಬಾಗಿಲಿನಲ್ಲೂ ಯಾರೋ ಒಬ್ಬರು ಹೀಗೆ ಫೋಟೊದೊಳಗಿಂದ ದಾರಿಹೋಕರನ್ನು ನೋಡುತ್ತಿರುತ್ತಾರೆ, ಅದನ್ನು ಯಾರೂ ವಿಶೇಷವೆಂದುಕೊಳ್ಳುವುದಿಲ್ಲ. ಆದರೆ ಮನೆಯ ಮಾಲೀಕ ಈ ಬಾಡಿಗೆ ಮನೆಯನ್ನು ಮಾರಲು ಹೊರಟಾಗ ಒಂದು ಸಂಜೆ ಬಂದು, ಶೂ ಕೂಡ ಕಳಚದೆ ಪಡಸಾಲೆಯಲ್ಲಿ ನಿಂತು ಹೇಳಿದ್ದ: ತಪ್ಪು ತಿಳ್ಕೋಬೇಡಿ ಲ್ಯುಬೆನ್, ನೋಡೋಕೆ ಬರೋರು ಬಾಗಿಲಲ್ಲೇ ಹಿಂದಕ್ಕೆ ಹೋಗ್ತಿದಾರೆ, ಅದನ್ನ ಒಳಗಡೆ ಎಲ್ಲಾದ್ರೂ ಹಾಕ್ಕೊಂಡ್ರೆ ಆಗಲ್ವಾ. ಒಳಗಡೆ ಎಲ್ಲಾದರೂ! ಲ್ಯುಬೆನ್ ಸಿಟ್ಟಾಗಲಿಲ್ಲ. ಆಗಲಿ ಎಂದ. ಅವನ ಬಾಯಿಗೆ ಬೇಗ ಬರುವ ಮಾತು ಅದು. ಉಗುರಿನಲ್ಲಿ ಟೇಪು ಕೆರೆದು, ಹರಿಯದ ಹಾಗೆ ನಿಧಾನವಾಗಿ ಹೆಂಡತಿಯನ್ನು ಬಾಗಿಲಿನಿಂದ ಬಿಡಿಸಿ ಒಳಗೆ ತಂದ. ಮಾಲೀಕ ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತು ಸಹಾಯ ಮಾಡಲೋ ಬೇಡವೋ ಎಂಬಂತೆ ಕೈ ಮುಂದೆ ಚಾಚಿ ಹಿಂದಕ್ಕೆಳೆಯುತ್ತಿದ್ದ. ಅಕ್ಟೋಬರ್ ಕೊನೆಯ ಸಂತ ದಿಮಿತ್ರಿಯ ಹಬ್ಬದ ಹೊತ್ತಿಗೆ ಮನೆ ಖಾಲಿ ಮಾಡಬೇಕಿತ್ತು. ಅದಕ್ಕೂ ಮೊದಲೇ ಇಸ್ಕ್ರಾ ಹೋಗಿ ವರ್ಷ ತುಂಬುತ್ತಿತ್ತು. ವರ್ಷದ ಹಾಳೆ ಅಚ್ಚಾಗಿ ಬಂದು, ಮಡಿಸದೆ, ಎರಡು ರಟ್ಟುಗಳ ನಡುವೆ ಅವನ ಚೀಲದಲ್ಲಿತ್ತು. ಅದನ್ನು ಅಂಟಿಸಲು ಅವನಿಗೆ ಒಂದು ಬಾಗಿಲು ಬೇಕಿತ್ತು. ಯಾರೂ ಬಂದು ತೆಗೆ ಎನ್ನಲಾಗದ ಬಾಗಿಲು. ಎಂಥ ಮನೆ ಬೇಕು ಎಂದು ಬ್ರೋಕರ್ ಕೇಳಿದರೆ ಹೇಳಲು ಅವನ ಹತ್ತಿರ ಇದ್ದದ್ದು ಅಷ್ಟೇ.

ಅಷ್ಟೇ ಅಲ್ಲ. ಇನ್ನೊಂದು ವಿಷಯವಿತ್ತು, ಅದನ್ನು ಅವನು ಪಾವ್ಲಿನಾಳಿಗೆ ಹೇಳಿರಲಿಲ್ಲ. ಟ್ರಾಲಿ ಬಸ್ಸಿನಲ್ಲಿ ಒದ್ದೆ ಶೂವನ್ನು ಸೀಟಿನಡಿ ಮರೆಮಾಡಿ ಕೂತಾಗ ಅವನಿಗೆ ಆ ಸುಳ್ಳು ಕೂಡ ಕಾಲಿಗೇ ತಾಗುತ್ತಿತ್ತು. ಅಕ್ಕನ ಲೆಕ್ಕದಲ್ಲಿ ಅವನು ಇವತ್ತು ಯಾವುದೋ ಒಂದು ಮನೆ ನೋಡಲು ಹೊರಟಿದ್ದ. ನಿಜವೆಂದರೆ ಕಳೆದ ವಾರ ಬಸ್ಸಿಗೆ ಕಾಯುತ್ತಾ ಬ್ರೋಕರ್ ಅಂಗಡಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದವನಿಗೆ, ಮುಖದ ಹಿಂದೆ, ಒಂದು ಫೋಟೊದಲ್ಲಿ, ಆ ಕಿಟಕಿ ಕಂಡಿತ್ತು. ಮೇಲ್ಭಾಗ ಕಮಾನಿನಂತೆ ಬಾಗಿದ ಅಡುಗೆಮನೆಯ ಕಿಟಕಿ, ಆಚೆಗೆ ಡ್ಯಾನ್ಯೂಬ್ ನದಿ. ಇಡೀ ಊರಿನಲ್ಲಿ ಅಂಥ ಕಿಟಕಿ ಇನ್ನೊಂದಿಲ್ಲ ಎಂದು ಇಸ್ಕ್ರಾ ಹೇಳುತ್ತಿದ್ದಳು, ಮತ್ತು ಕಿಟಕಿಗಳ ವಿಷಯದಲ್ಲಿ ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಊರಿನವರ ಪರದೆಗಳನ್ನೆಲ್ಲ ಹೊಲಿದುಕೊಟ್ಟವಳು ಅವಳು. ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ನೋಡಿದ ಮೊದಲ ಮನೆ ಅದು. ಒಳಗೆ ಕಾಲಿಟ್ಟವಳೇ ಅವಳು ನೇರ ಅಡುಗೆಮನೆಗೆ ನಡೆದಿದ್ದಳು, ಕಿಟಕಿಗೆ ಗೇಣು ಹಾಕಿ ಅಳೆದಿದ್ದಳು. “ಲ್ಯುಬೋ, ಬಾ ಇಲ್ಲಿ, ಹಡಗು ನೋಡು! ಇಲ್ಲಿ ಮೇಜು ಹಾಕೋಣ. ನೀನು ಇಲ್ಲಿ ಕೂತ್ಕೋ. ನಾನು ಈ ಕಡೆ, ನಂಗೆ ನದಿ ಕಾಣ್ಬೇಕು.” ಆಗಿನ ಬ್ರೋಕರ್, ಬೆರಳಿಗೆ ದಪ್ಪ ಉಂಗುರ ಹಾಕಿಕೊಂಡಿದ್ದ ಮನುಷ್ಯ, ಮಾತನ್ನೆಲ್ಲ ಅವಳೊಂದಿಗೇ ಆಡುತ್ತಿದ್ದ, ಒಮ್ಮೆ ಮಾತ್ರ ಇವನ ಕಡೆ ಗಲ್ಲ ತಿರುಗಿಸಿ, ಇವರೂ ನಿಮ್ಮ ಜೊತೆಗೇನಾ ಎಂದು ಕೇಳಿದ್ದ. ಅವಳು ಆಗಲೇ ಆ ಮನೆಯಲ್ಲಿ ಬದುಕಲು ಶುರುಮಾಡಿಬಿಟ್ಟಿದ್ದಳು, ಇವನಿಗೆ ಅಲ್ಲಿ ನೆಂಟರಿಗೆ ತೋರಿಸುವ ಹಾಗೆ ಒಂದು ಕುರ್ಚಿ ತೋರಿಸಿದ್ದಳು. ಸಂತೋಷದಿಂದಲೇ ತೋರಿಸಿದ್ದಳು. ಆ ಸಂತೋಷ ಅವನನ್ನು ಹಿಂದೆ ಬಿಟ್ಟು ಓಡುತ್ತಿತ್ತು. ಒಂದು ಗಳಿಗೆ ಅದು ನಿಲ್ಲಲಿ, ತಾನು ಹೋಗಿ ಸೇರಿಕೊಳ್ಳುವಷ್ಟು ಹೊತ್ತು ನಿಲ್ಲಲಿ ಎಂದು ಅವನಿಗೆ ಅನಿಸಿತು, ಅಷ್ಟೇ. ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟು, “ಇಲ್ಲಿ ತೇವ ಇದೆ,” ಎಂದುಬಿಟ್ಟ.

ಅವಳು ಕಿಟಕಿಯ ಕಟ್ಟೆಯಿಂದ ಕೈ ತೆಗೆದಳು. ಆ ಕೈ ತೆಗೆದ ರೀತಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ತಟ್ಟನೆ, ಅದು ಅವನಿಗೆ ಇವತ್ತಿಗೂ ಕಾಣುತ್ತದೆ. ಅವಳು ನಂಬಿದಳು, ಯಾಕೆಂದರೆ ಅವನು ಕಟ್ಟುಹಲ್ಲು ಮಾಡುವವನು. ದಿನವಿಡೀ ಪ್ಲಾಸ್ಟರಿನ ಅಚ್ಚುಗಳನ್ನು ಮುಟ್ಟಿ ಮುಟ್ಟಿ ಯಾವುದು ಒಣಗಿದೆ, ಯಾವುದು ಇಲ್ಲ ಎಂದು ಹೇಳುವ ಕೈ ಅದು, ಅದನ್ನು ನಂಬದೆ ಇನ್ನೇನನ್ನು ನಂಬುತ್ತಾಳೆ. ಆ ಕ್ಷಣವೇ ನಕ್ಕು, ಇಲ್ಲ ಕಣೆ, ಸುಮ್ಮನೆ ಅಂದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಉಂಗುರದ ಮನುಷ್ಯ ತನ್ನ ಕಡೆ ಮೊದಲ ಸಲ ಗೌರವದಿಂದ ನೋಡಿದನಲ್ಲ, ಆ ನೋಟವನ್ನು ಅವನು ಬಿಟ್ಟುಕೊಡಲಿಲ್ಲ. ಆಮೇಲೆ ನೋಡಿದ ಪ್ರತಿ ಮನೆಯಲ್ಲೂ ಇಸ್ಕ್ರಾ ಹೊಸ್ತಿಲಲ್ಲೇ ನಿಂತು, ಮೊದಲು ನೀನು ಕೈಯಿಟ್ಟು ನೋಡು ಎನ್ನುತ್ತಿದ್ದಳು. ಅವನು ಇಡುತ್ತಿದ್ದ. ಏನಾದರೊಂದು ಸಿಗುತ್ತಿತ್ತು. ಕ್ರಮೇಣ ಅವಳು ಕಿಟಕಿ ಅಳೆಯುವುದನ್ನು ಬಿಟ್ಟಳು, ಮನೆ ನೋಡುವುದನ್ನೂ ಬಿಟ್ಟಳು, ಬೇರೆಯವರ ಕಿಟಕಿಗಳಿಗೆ ಪರದೆ ಹೊಲಿಯುತ್ತ ಬಾಡಿಗೆ ಮನೆಯ ಕತ್ತಲೆ ಮೂಲೆಯಲ್ಲಿ ಬೆನ್ನು ಬಾಗಿಸಿ ಕೂತಳು. ಅವನ ಮೇಲೆ ಒಂದು ದಿನವೂ ರೇಗಲಿಲ್ಲ. ಆಸ್ಪತ್ರೆಯಲ್ಲಿ ಅವನು ಚಮಚದಲ್ಲಿ ಮೊಸರು ತಿನ್ನಿಸುತ್ತಿದ್ದಾಗ, ಬಾಯೊರೆಸಿಕೊಂಡು, ಏನೋ ಅಡುಗೆಯ ವಿಷಯ ಕೇಳುವ ಹಾಗೆ ಕೇಳಿದ್ದಳು: “ಲ್ಯುಬೋ, ಆ ನದಿ ಕಾಣೋ ಅಡುಗೆಮನೇಲಿ ನಿಜವಾಗ್ಲೂ ತೇವ ಇತ್ತಾ?” “ಇತ್ತು ಕಣೆ. ಗೋಡೆ ತುಂಬಾ ಇತ್ತು.” “ಹಂಗಾದ್ರೆ ಸರಿ,” ಎಂದು ಅವಳು ಕಣ್ಣು ಮುಚ್ಚಿದಳು, ಹಗುರಾದವಳ ಹಾಗೆ. ಅದು ಕರುಣೆ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾನೋ. ಕರುಣೆಯೇ ಆಗಿದ್ದರೆ ಅಷ್ಟು ಸಲ ಹೇಳಿಕೊಳ್ಳಬೇಕಾಗುತ್ತಿರಲಿಲ್ಲ.

ಬ್ರೋಕರ್ ಗೆರ್ಗಾನಾ ಕಟ್ಟಡದ ಬಾಗಿಲಲ್ಲೇ ಕಾಯುತ್ತಿದ್ದಳು. ನಿಜಕ್ಕೂ ಹುಡುಗಿಯೇ, ಮೂವತ್ತು ದಾಟಿರಲಿಕ್ಕಿಲ್ಲ. ಅವಳು ನಕ್ಕಳು, ಲ್ಯುಬೆನ್ ನಕ್ಕ. ಪಾವ್ಲಿನಾಳ ಮೊದಲ ಪಾಠ ಮೆಟ್ಟಿಲ ಬುಡದಲ್ಲೇ ಮಣ್ಣುಪಾಲಾಯಿತು.

“ಮೇಲೆ ಹೋಗೋ ಮುಂಚೆ ಎರಡು ಮಾತು ಸರ್. ಇದು ನೀವು ಕೊಳ್ತಿರೋ ಮೊದಲನೇ ಮನೆನಾ?”

“ಹೌದಮ್ಮ.”

ಅವಳ ಕಣ್ಣು ಅವನ ನರೆತ ಮೀಸೆಯ ಮೇಲೆ ಒಂದು ಗಳಿಗೆ ನಿಂತು ಹೋಯಿತು. “ಪರ್ವಾಗಿಲ್ಲ ಸರ್, ಅದಕ್ಕೇ ನಾವಿರೋದು. ಒಳಗೆ ಓನರ್ ಅಜ್ಜಿ ಇರ್ತಾರೆ, ಸ್ವಲ್ಪ ಮಾತು ಜಾಸ್ತಿ, ನೀವು ತಲೆ ಕೆಡಿಸ್ಕೋಬೇಡಿ. ಏನೇ ಇದ್ರೂ ನನ್ನ ಹತ್ರ ಕೇಳಿ. ಮನೇಲಿ ಎಷ್ಟು ಜನ ಇರ್ತೀರಾ?”

“ನಾನೊಬ್ನೇ.”

“ಅರ್ಜೆಂಟ್ ಏನಾದ್ರೂ ಇದೆಯಾ?”

“ತುಂಬಾ ಅರ್ಜೆಂಟ್ ಇದೆ,” ಎಂದ ಲ್ಯುಬೆನ್. ಹೇಳಬಾರದೆಂದು ಹೇಳಿಕೊಟ್ಟದ್ದನ್ನೆಲ್ಲ ಒಂದರ ಹಿಂದೊಂದು ಹೇಳಿ ಮುಗಿಸಿದ ಮೇಲೆ ಅವನಿಗೆ ವಿಚಿತ್ರವಾದ ಒಂದು ನೆಮ್ಮದಿ ಬಂತು, ಹುಡುಗಿಯ ಹಿಂದೆ ಮೆಟ್ಟಿಲು ಹತ್ತತೊಡಗಿದ. ಕಂಬಿಯ ಮೇಲಿನ ಹಿತ್ತಾಳೆಯ ಗುಂಡು ಅದೇ. ಮೊದಲ ತಿರುವಿನ ಕಿಟಕಿಯಲ್ಲಿ ಆಗ ಒಡೆದಿದ್ದ ಗಾಜು ಮಾತ್ರ ಈಗ ಹೊಸದಾಗಿತ್ತು. ಆವತ್ತು ಇಸ್ಕ್ರಾ ಇದೇ ಮೆಟ್ಟಿಲುಗಳನ್ನು ಅವನಿಗಿಂತ ಮುಂದೆ ಹತ್ತಿದ್ದಳು, ಇಳಿಯುವಾಗ ಅವನಿಗಿಂತ ಹಿಂದೆ ಇಳಿದಿದ್ದಳು. ಮನೆಯ ಬಾಗಿಲಿನ ಮುಂದೆ ನಿಂತಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಬಾಗಿಲಿನ ಎಡಬದಿಯಲ್ಲಿ ನಾಲ್ಕು ಮೂಲೆಗಳಲ್ಲಿ ಉಳಿದ ಟೇಪಿನ ಚೂರುಗಳು. ಹೊಸ ಚೂರುಗಳು, ಇನ್ನೂ ಧೂಳು ಕೂತಿರಲಿಲ್ಲ. ಅದು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೆರ್ಗಾನಾ ಅವನ ನೋಟ ಕಂಡು ಬೆನ್ನನ್ನು ಅದಕ್ಕೆ ಅಡ್ಡವಾಗಿ ಹಿಡಿದು ಗಂಟೆ ಒತ್ತಿದಳು.

ಬಾಗಿಲು ತೆಗೆದದ್ದು ಕಪ್ಪು ಬಟ್ಟೆಯ ಗಿಡ್ಡ ಮುದುಕಿ. ರಾಯ್ನಾ ಎಂದು ಹೆಸರು ಹೇಳಿ, ಅವನ ಒದ್ದೆ ಶೂ ನೋಡಿ, “ಯಾರೋ ನಿನ್ನ ಮುಂದೆ ನೀರು ಚೆಲ್ಲಿ ಕಳಿಸಿದಾರೆ, ಒಳ್ಳೇದು,” ಎಂದಳು. ಗಂಡಸರ ಮನೆಚಪ್ಪಲಿ ಒಂದು ಜೊತೆ ತಂದು ಅವನ ಕಾಲ ಮುಂದಿಟ್ಟಳು. ಹಿಮ್ಮಡಿ ಸವೆದ ಆ ಚಪ್ಪಲಿ ಯಾರದ್ದಿರಬೇಕೆಂದು ಅವನಿಗೆ ಗೊತ್ತಾಯಿತು, ಹಾಕಿಕೊಂಡ. ಅಳತೆ ಸರಿಯಾಗಿತ್ತು. ಅದನ್ನು ಅವನಿಗೆ ಸಹಿಸಲಾಗಲಿಲ್ಲ.

ಗೆರ್ಗಾನಾ ಮಲಗುವ ಕೋಣೆ, ಸ್ನಾನದ ಮನೆ, ಹೊಸ ಬಾಯ್ಲರ್ ಎಂದು ತೋರಿಸುತ್ತ ಹೋದಳು. ಅವನು ಹೂಂ ಎನ್ನುತ್ತಿದ್ದ, ಏನೂ ನೋಡುತ್ತಿರಲಿಲ್ಲ. ಕೊನೆಗೆ ಅಡುಗೆಮನೆ. ಕಿಟಕಿ ಅಲ್ಲೇ ಇತ್ತು. ಅದಕ್ಕೆ ಯಾರೋ ಕೊಂಡುತಂದ ಸಿದ್ಧ ಪರದೆ ಹಾಕಿದ್ದರು, ಅಗಲ ಸಾಲದೆ ಎರಡೂ ಕಡೆ ಒಂದೊಂದು ಗೇಣು ಬೆಳಕು ಒಳಗೆ ನುಗ್ಗುತ್ತಿತ್ತು. ಆಚೆ ನದಿಯಲ್ಲಿ ಮರಳಿನ ದೋಣಿಯೊಂದು ನಿಂತಿದೆಯೋ ಹೋಗುತ್ತಿದೆಯೋ ತಿಳಿಯದ ಹಾಗೆ ಹೋಗುತ್ತಿತ್ತು. ಮೇಜು ಇಸ್ಕ್ರಾ ಹೇಳಿದ ಜಾಗದಲ್ಲೇ ಇತ್ತು. ಎರಡು ಕುರ್ಚಿಗಳಿದ್ದವು, ಒಂದು ನದಿಯ ಕಡೆ ಮುಖಮಾಡಿದ್ದು. ಅವನಿಗೆ ಅಳು ಬಂತು, ಬಂದದ್ದನ್ನು ಕೆಮ್ಮಿ ಹೊರಗೆ ಹಾಕಿದ. ಅವನು ಕೈಯಿಟ್ಟ ಗೋಡೆಯ ಮುಂದೆ ಈಗ ಒಂದು ಎತ್ತರದ ಕಪಾಟು ನಿಂತಿತ್ತು. ಅದು ಅಲ್ಲಿಯದಲ್ಲ. ಅದನ್ನು ಎಳೆದು ತಂದ ಗೀರು ನೆಲದ ಮೇಲೆ ಹಸಿಯಾಗಿ ಕಾಣುತ್ತಿತ್ತು. ಗೆರ್ಗಾನಾ ಕಿಟಕಿಯತ್ತ ಕೈ ತೋರಿಸಿ, “ಈ ನೋಟ ನೋಡಿ ಸರ್, ಇದೊಂದೇ ಸಾಕು,” ಎಂದು ಗಟ್ಟಿಯಾಗಿ ಹೇಳುತ್ತಿದ್ದಾಗಲೇ ಅವನು ಕಪಾಟಿನ ಹಿಂದೆ ಕೈ ತೂರಿಸಿದ.

ಎಷ್ಟು ವರ್ಷದಿಂದ ಆ ಕೈ ಈ ಗೋಡೆಗೆ ಬರಬೇಕೆಂದು ಕಾದಿತ್ತು. ಒಣಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಣ ಗೋಡೆ ಮುಟ್ಟಿ, ನಾನು ಸುಳ್ಳು ಹೇಳಿದೆ ಎಂದು ಒಮ್ಮೆಯಾದರೂ ಅಂಗೈಯಿಂದ ಒಪ್ಪಿಕೊಳ್ಳಲೆಂದೇ ಬಂದಿದ್ದ. ಆದರೆ ಅಂಗೈಗೆ ತಣ್ಣಗೆ ತಾಗಿತು. ಸುಣ್ಣ ಮೆತ್ತಗಾಗಿ ಬೆರಳಿಗೆ ಅಂಟಿತು, ನೀರು ಮುಂಗೈವರೆಗೆ ಜಿನುಗಿ ಬಂತು. ಅವನು ಕೈ ಹೊರಗೆ ತೆಗೆದು ನೋಡಿದ. ಒದ್ದೆ. ಒಂದು ಕ್ಷಣ, ಬರೀ ಒಂದು ಕ್ಷಣ, ಅವನೊಳಗೆ ಏನೋ ಕುಣಿಯಿತು: ಇತ್ತು, ನಿಜವಾಗಲೂ ಇತ್ತು, ನಾನು ಹೇಳಿದ್ದು ಸುಳ್ಳಲ್ಲ! ಆ ಖುಷಿಯ ಹಿಂದೆಯೇ ಬಂದ ನಾಚಿಕೆ ಅವನ ಕಿವಿಗಳನ್ನು ಸುಟ್ಟಿತು. ಗೆರ್ಗಾನಾಳ ಕೆನ್ನೆ ಕೆಂಪಾಗಿತ್ತು. ಪಾವ್ಲಿನಾ ಇಲ್ಲಿದ್ದಿದ್ದರೆ ಈಗ ಸೊಂಟದ ಮೇಲೆ ಕೈಯಿಟ್ಟು ನಿಂತು, ಮನೆಯನ್ನು ಅರ್ಧಕ್ಕೆ ಇಳಿಸುತ್ತಿದ್ದಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಇಷ್ಟು ವರ್ಷ ಪಳಗಿದ ಮಾತು, ಮತ್ತು ಜೀವಮಾನದಲ್ಲಿ ಮೊದಲ ಸಲ ಅದು ನಿಜವಾಗಿತ್ತು.

“ಇಲ್ಲಿ ತೇವ ಇಲ್ಲ,” ಎಂದ ಲ್ಯುಬೆನ್. “ಗೋಡೆ ಚೆನ್ನಾಗಿದೆ. ಈ ಮನೇನೇ ತಗೋತೀನಿ.”

“ಸರ್... ಇನ್ನೂ ಎರಡು ಮನೆ ತೋರಿಸ್ಬೇಕು ಅಂತಿದ್ದೆ...”

“ಬೇಡಮ್ಮ. ಇದೇ.”

ಬಾಗಿಲಲ್ಲಿ ನಿಂತಿದ್ದ ರಾಯ್ನಾ ಅಜ್ಜಿ ಮುಂದೆ ಬಂದಳು. “ಇದೆ ಕಣಪ್ಪ. ನೀನು ಒಳ್ಳೆಯೋನು, ಮುದುಕಿ ಮುಖ ನೋಡಿ ಹಂಗಂದೆ. ಆದ್ರೆ ತೇವ ಇದೆ. ಈ ಹುಡುಗಿ ಕಪಾಟು ಅಡ್ಡ ಇಡಿ ಅಂದ್ಲು, ಇಟ್ಟೆ, ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ನಂಗೆ. ಈ ವಸಂತದಲ್ಲಿ ಮೇಲಿನ ಮನೆ ಪೈಪು ಒಡೀತು, ಇನ್ನೂ ಸರಿಮಾಡಿಸಿಲ್ಲ, ಅದಕ್ಕೇ ಹಿಂಗಾಗಿದ್ದು. ಅದಕ್ಕೆ ಮೊದ್ಲು ಈ ಗೋಡೇಲಿ ಒಂದು ಹನಿ ಕಂಡೋರಿಲ್ಲ. ನಾವು ಬಂದಾಗ ಬಿಸ್ಕತ್ತಿನ ಹಾಗೆ ಒಣಗಿತ್ತು.”

“ನೀವು ಬಂದಾಗ,” ಎಂದ ಅವನು.

“ಅದೊಂದು ಕಥೆ.” ಮುದುಕಿ ಆಗಲೇ ನಗುತ್ತಿದ್ದಳು, ಎಷ್ಟೋ ಸಲ ಹೇಳಿ ನುಣುಪಾದ ಕಥೆಯಿರಬೇಕು. “ನಮಗಿಂತ ಮುಂಚೆ ಹೊಸದಾಗಿ ಮದ್ವೆಯಾದೋರು ಯಾರೋ ನೋಡೋಕೆ ಬಂದಿದ್ರಂತೆ. ಆ ಹುಡುಗಿಗೆ ಮನೆ ಅಂದ್ರೆ ಪ್ರಾಣ ಅಂತೆ. ಗಂಡ ಅನ್ನೋ ಮಹಾಶಯ ಒಣ ಗೋಡೆ ಮೇಲೆ ಕೈಯಿಟ್ಟು ತೇವ ಅಂದ್ನಂತೆ. ಬಿಟ್ಟು ಹೋದ್ರು. ಓನರ್ ಹೆದರ್ಕೊಂಡು ಬೆಲೆ ಇಳಿಸ್ದ, ಇಲ್ದಿದ್ರೆ ನಮ್ಮಂಥೋರಿಗೆ ಎಲ್ಲಿ ಸಿಗ್ಬೇಕಿತ್ತು! ಆ ಬ್ರೋಕರ್ರೇ ಹೇಳಿದ್ದು ನಮ್ಮವರಿಗೆ. ಪ್ರತಿ ವರ್ಷ ಸಂತ ಹರಲಾಂಪಿ ಹಬ್ಬದ ದಿನ, ನಮ್ಮವರ ಹೆಸರಿನ ಹಬ್ಬ ಅದು, ಮೊದಲ್ನೇ ಗ್ಲಾಸು ರಾಕಿಯಾ ಎತ್ತಿ ‘ಆ ತೇವದ ಮಹಾಶಯ ಎಲ್ಲಿದ್ರೂ ಚೆನ್ನಾಗಿರ್ಲಿ’ ಅಂತಿದ್ರು. ಮನೆ ತುಂಬಾ ಜನ ಗೊಳ್ಳಂತ ನಗೋರು.”

ಗೆರ್ಗಾನಾಳಿಗೂ ನಗು ಬಂತು. ಲ್ಯುಬೆನ್ ಕೂಡ ನಗಲು ನೋಡಿದ. ವರ್ಷ ವರ್ಷವೂ ಈ ಮೇಜಿನ ಸುತ್ತ ಅವನ ಹೆಸರಿಲ್ಲದ ಹೆಸರಿಗೆ ಗ್ಲಾಸುಗಳು ಎದ್ದಿದ್ದವು. ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಇಸ್ಕ್ರಾ ಬಲ್ಬಿನ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು. ಚೆನ್ನಾಗಿರಲಿ ಎಂದು ಹರಸಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಚೀಲದ ಬಾಯಿ ಬಿಚ್ಚಿದ. ಒದ್ದೆಯಾಗದ ಎಡಗೈಯಿಂದ ರಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಮಾತು ಹೇಗೆ ಶುರುಮಾಡುವುದೆಂದು ಬಸ್ಸಿನಲ್ಲಿ ಯೋಚಿಸಿಕೊಂಡದ್ದೆಲ್ಲ ಮರೆತುಹೋಗಿತ್ತು.

“ಅಜ್ಜಿ, ಮನೆ ನನ್ನ ಹೆಸರಿಗಾಗೋದು ತಡ ಆಗುತ್ತೆ. ಅದಕ್ಕೆ ಮುಂಚೆ ನಂಗೊಂದು ಉಪಕಾರ ಮಾಡ್ಬೇಕು. ನನ್ನ ಹೆಂಡ್ತಿ ವರ್ಷದ ಹಾಳೆ ಇದು. ನಿಮ್ಮ ಬಾಗಿಲಿಗೆ ಅಂಟಿಸ್ಬೇಕು.”

ಮುದುಕಿ ಕನ್ನಡಕ ಏರಿಸಿ ಹಾಳೆಯ ಮೇಲೆ ಬಗ್ಗಿದಳು. ಫೋಟೊದಲ್ಲಿ ಇಸ್ಕ್ರಾ ಸಮುದ್ರದ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು.

“ಸತ್ತೋರ ಹಾಳೆ ಅವರು ಬದುಕಿದ್ದ ಮನೆ ಬಾಗಿಲಿಗೆ ಹಾಕೋದು ಮಗಾ. ಈಯಮ್ಮ ಈ ಮನೇಲಿ ಯಾವಾಗ ಇದ್ಲು?”

“ಇರ್ಬೇಕಾಗಿತ್ತು,” ಎಂದ ಲ್ಯುಬೆನ್.

ಮುದುಕಿ ತಲೆಯೆತ್ತಿದಳು. ಅವನ ಮುಖ ನೋಡಿದಳು, ಆಮೇಲೆ ಅವನ ಬಲಗೈ ನೋಡಿದಳು. ಸುಣ್ಣ ಮೆತ್ತಿದ ಆ ಒದ್ದೆ ಅಂಗೈಯನ್ನು ಅವನು ಮೈಯಿಂದ ದೂರ, ಯಾರದೋ ವಸ್ತುವನ್ನು ಹಿಡಿದವರ ಹಾಗೆ ಹಿಡಿದುಕೊಂಡಿದ್ದ, ಒರೆಸಿಕೊಂಡಿರಲಿಲ್ಲ. ಅವಳ ನಗು ನಿಧಾನವಾಗಿ ಇಳಿಯಿತು. ಈಗ ಬೈಯುತ್ತಾಳೆ ಎಂದು ಅವನು ಕಾದ, ಬೈಯಲಿ ಎಂದು ಒಳಗೊಳಗೇ ಬೇಡಿಕೊಂಡ. ನದಿಯ ಕಡೆಯಿಂದ ದೋಣಿಯ ಹಾರ್ನು ಒಮ್ಮೆ ಕೇಳಿಸಿತು. ಮುದುಕಿ ಮೇಜಿನ ಡ್ರಾಯರ್ ಎಳೆದು, ಒಳಗಿಂದ ಮೊದಲು ಗಂಡನ ಹಾಳೆಯನ್ನು, ಆಮೇಲೆ ಟೇಪಿನ ಸುರುಳಿಯನ್ನು ತೆಗೆದಳು.

“ನಮ್ಮವರದ್ದು ಎಡಗಡೆ ಇತ್ತು,” ಎಂದಳು. “ಬಲಗಡೆ ಜಾಗ ಇದೆ. ಆ ಕೈ ತೊಳ್ಕೊಂಡು ಬಾ, ಹಾಳೆ ಒದ್ದೆಯಾಗುತ್ತೆ.”